ಬೀಗಿತ್ತಿಯ ಕೈತುತ್ತು

ನಮ್ಮ ರೇಷ್ಮೆಯೂರು ಮರ್ಗಿಲಾನಿನಲ್ಲಿ ಮದುವೆಗೆ ಬಂದ ಮಗಳಿರುವ ತಾಯಿಗೆ ಕಾಯಿಲೆ ಬರಬಾರದು. ಬಂದರೂ ಯಾರಿಗೂ ತಿಳಿಯಬಾರದು. ಕೆಮ್ಮಿದರೆ ಕ್ಷಯ ಎನ್ನುತ್ತಾರೆ, ಕಾಲೆಳೆದು ನಡೆದರೆ ಆ ವಂಶದ ಮೂಳೆಯೇ ಟೊಳ್ಳು ಎನ್ನುತ್ತಾರೆ. ಸಕ್ಕರೆ ಕಾಯಿಲೆ ಎಂದರಂತೂ ಮುಗಿದೇ ಹೋಯಿತು. ಹೆಣ್ಣು ಕೇಳಿಕೊಂಡು ಬಂದವರು ಚಹಾ ಆರುವ ಮೊದಲೇ ಎದ್ದು ಚಪ್ಪಲಿ ಹುಡುಕುತ್ತಾರೆ. ಮಸ್ತೂರಾಳಿಗೆ ಬಂದದ್ದು ಸಕ್ಕರೆ ಕಾಯಿಲೆಯೂ ಅಲ್ಲ, ಅದರ ಹೊಸ್ತಿಲು. ಆದರೆ ಮೊಹಲ್ಲಾದ ಬಾಯಿಗೆ ಹೊಸ್ತಿಲೂ ಒಂದೇ, ನಡುಮನೆಯೂ ಒಂದೇ.

ಮಸ್ತೂರಾ ರೇಷ್ಮೆಯ ಎಳೆ ಕಟ್ಟುವವಳು. ಬಣ್ಣದ ತೊಟ್ಟಿಗೆ ಹಾಕುವ ಮುಂಚೆ ಹಾಸಿನ ಎಳೆಗಳನ್ನು ಗೊಂಚಲು ಗೊಂಚಲಾಗಿ ಬಿಗಿದು ಕಟ್ಟಬೇಕು. ಕಟ್ಟಿದ ಕಡೆ ಬಣ್ಣ ಹತ್ತುವುದಿಲ್ಲ, ಬಿಟ್ಟ ಕಡೆ ಹತ್ತುತ್ತದೆ, ನೇಯ್ದ ಮೇಲೆ ಅದೇ ಚಿತ್ತಾರವಾಗುತ್ತದೆ. ಮದುವೆಯಾಗಿ ಎರ್ಗಾಶನ ಮನೆಗೆ ಬಂದ ವರ್ಷದಿಂದ ಅವಳು ಮಾಡಿದ್ದು ಇದೊಂದೇ ಕೆಲಸ, ಅದೂ ಕೂತಲ್ಲೇ. ಪಕ್ಕದಲ್ಲಿ ಹಸಿರು ಚಹಾದ ಹೂಜಿ, ಬಟ್ಟಲಲ್ಲಿ ಕಲ್ಲುಸಕ್ಕರೆ, ಬಟ್ಟೆಯಲ್ಲಿ ಸುತ್ತಿಟ್ಟ ತಂದೂರಿನ ರೊಟ್ಟಿ. ಕೈ ಎಳೆಯ ಮೇಲಿದ್ದರೆ ಬಾಯಿ ರೊಟ್ಟಿಯ ಮೇಲಿರುತ್ತಿತ್ತು. ಗಂಡ ಎರ್ಗಾಶ್ ಫರ್ಗಾನಾ ದಾರಿಯಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಒಳ್ಳೆಯವನು, ಆದರೆ ಬಾಯಿ ಸತ್ತವನು. ಅವರಿಗಿದ್ದದ್ದು ನಫೀಸಾ ಒಬ್ಬಳೇ ಮಗಳು.

ಮಸ್ತೂರಾಳ ತಾಯಿ ಸಕ್ಕರೆ ಕಾಯಿಲೆಯಲ್ಲೇ ಹೋದವಳು. ಮೊದಲು ಹೆಬ್ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ಪಾದ ಹೋದ ಮೇಲೂ ಆ ಮುದುಕಿ, "ಮಸ್ತೂರಾ, ಹೆಬ್ಬೆರಳು ನವೆ ಆಗ್ತಿದೆ, ಸ್ವಲ್ಪ ಕೆರಿಯೇ" ಅನ್ನುತ್ತಿದ್ದಳು. ಇಲ್ಲದ ಬೆರಳನ್ನು ಎಲ್ಲಿಂದ ಕೆರೆಯುವುದು? ಮಸ್ತೂರಾ ಹಾಸಿಗೆಯ ಬಟ್ಟೆಯನ್ನೇ ಕೆರೆಯುತ್ತ ಕೂತಿರುತ್ತಿದ್ದಳು. ಅದಕ್ಕೇ ಬಾಯಿ ಒಣಗುವುದು, ಊಟವಾದ ಕೂಡಲೇ ನಿದ್ದೆ ತೂಗುವುದು ಶುರುವಾದಾಗ ಯಾರಿಗೂ ಹೇಳದೆ ಪಾಲಿಕ್ಲಿನಿಕ್ಕಿಗೆ ಹೋದಳು. ಅಲ್ಲಿದ್ದವರು ಸಾಬಿರ್ ಡಾಕ್ಟರು, ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದ ಮನುಷ್ಯ.

"ಇನ್ನೂ ಬಂದಿಲ್ಲಮ್ಮ," ಎಂದರು ಅವರು. "ಹೊಸ್ತಿಲ ಹತ್ರ ನಿಂತಿದೆ. ನೀವು ಬಾ ಅಂದ್ರೆ ಒಳಗೆ ಬರುತ್ತೆ, ಹೋಗು ಅಂದ್ರೆ ಹೋಗುತ್ತೆ."

"ಹೋಗು ಅನ್ನೋದು ಹೇಗೆ ಡಾಕ್ಟ್ರೇ?"

"ಮಾತ್ರೆ ಬೇಡ ಸದ್ಯಕ್ಕೆ. ರೊಟ್ಟಿ ಕಮ್ಮಿ ಮಾಡಿ. ಕಲ್ಲುಸಕ್ಕರೆ ಬಟ್ಟಲು ಎತ್ತಿಡಿ. ಪಲಾವು ತಿನ್ನಿ, ಆದ್ರೆ ಒಂದು ಬೊಗಸೆ. ತಟ್ಟೇಲಿ ಮಿಕ್ಕಿದ ಜಾಗಕ್ಕೆ ಟೊಮೇಟೊ, ಸೌತೆಕಾಯಿ, ಮೂಲಂಗಿ ಹಾಕ್ಕೊಳಿ. ಉಂಡು ದಿಂಬಿಗೆ ಒರಗಬೇಡಿ, ಎದ್ದು ನಡೀರಿ. ಸೊಂಟದ ಸುತ್ತ ಸ್ವಲ್ಪ ಇಳೀಲಿ."

"ಅಷ್ಟೇನಾ?"

"ಅಷ್ಟೇನಾ ಅಂತ ಎಲ್ರೂ ಕೇಳ್ತಾರೆ. ಒಂದು ಮದುವೆ ಮನೆ ಬರ್ಲಿ, ಆಮೇಲೆ ಮಾತಾಡೋಣ."

ಮಸ್ತೂರಾಳಿಗೆ ತಾಯಿಯ ಕಾಲು ಕಣ್ಣ ಮುಂದಿತ್ತು. ಅಂದಿನಿಂದಲೇ ಕಲ್ಲುಸಕ್ಕರೆಯ ಬಟ್ಟಲು ಅಟ್ಟ ಸೇರಿತು. ರೊಟ್ಟಿಯ ಕಾಲು ಭಾಗ ಮುರಿದುಕೊಂಡು ಮಿಕ್ಕಿದ್ದನ್ನು ಕಣ್ಣಿಗೆ ಬೀಳದ ಹಾಗೆ ಇಟ್ಟಳು. ರಾತ್ರಿಗೆ ಹೆಸರುಕಾಳಿನ ಗಂಜಿ, ಅದರಲ್ಲಿ ಅಕ್ಕಿ ಹೆಸರಿಗೆ ಮಾತ್ರ. ಎಳೆ ಕಟ್ಟುವಾಗ ಒಂದು ಗೊಂಚಲು ಮುಗಿದರೆ ಎದ್ದು ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಸುತ್ತ ಒಂದು ಸುತ್ತು ಬಂದು ಕೂರುವಳು. ಬೆಳಗ್ಗೆ ಬೀದಿ ಗುಡಿಸಿ, ನೀರು ಚಿಮುಕಿಸಿ, ಕಾಲುವೆಯ ದಂಡೆ ಹಿಡಿದು ಹಳೆಯ ಹಿಪ್ಪುನೇರಳೆ ಮರಗಳವರೆಗೆ ನಡೆದು ಬರುವಳು. ಮೊದಮೊದಲು ಹಸಿವಿಗೆ ಸಿಟ್ಟು ಬರುತ್ತಿತ್ತು, ಎಳೆ ಹರಿಯುತ್ತಿತ್ತು, ನಫೀಸಾಳ ಮೇಲೆ ಹರಿಹಾಯುತ್ತಿದ್ದಳು. ಚಳಿಗಾಲ ಕಳೆಯುವ ಹೊತ್ತಿಗೆ ಸಂಜೆ ಪಾದ ಊದುವುದು ನಿಂತಿತು. ನಮಾಜಿಗೆ ಕೂತರೆ ಮಂಡಿ ಹಿಡಿದು ಏಳಬೇಕಾಗಿರಲಿಲ್ಲ. ಸಾಬಿರ್ ಡಾಕ್ಟರು ರಕ್ತ ಪರೀಕ್ಷೆ ನೋಡಿ, "ಹಿಂದೆ ಸರೀತಿದೆ ಕಣಮ್ಮ" ಎಂದ ದಿನ ಅವಳು ಪಾಲಿಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ಖುಷಿಯಿಂದ ಅತ್ತಳು. ತನ್ನ ಮೈ ತನ್ನ ಮಾತು ಕೇಳಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಆದರೆ ಎರ್ಗಾಶನ ಅಕ್ಕ ಹಾಲಿಮಾ ಎಂಬವಳೊಬ್ಬಳಿದ್ದಳು. ಗಂಡ ಸತ್ತ ಮೇಲೆ ಎರಡು ಮನೆ ಆಚೆ ಇದ್ದುಕೊಂಡು, ಮೊಹಲ್ಲಾದ ಸಂಬಂಧಗಳನ್ನು ಕುದುರಿಸುವುದು, ಕೆಡಿಸುವುದು ಎರಡನ್ನೂ ಮಾಡುತ್ತಿದ್ದಳು. ಅವಳ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ.

"ಏನೇ, ಬೆಳಗ್ಗೆ ಬೆಳಗ್ಗೆ ಕಾಲುವೆ ಕಡೆ ಏನ್ ಕೆಲ್ಸ ನಿಂಗೆ?"

"ಸುಮ್ನೆ ಅತ್ತಿಗೆ. ಕಾಲಾಡಿಸ್ಕೊಂಡು ಬರೋಣ ಅಂತ."

"ಸುಮ್ನೆ ನಡೆಯೋಕೆ ನೀನೇನು ಹಸುವೇನೇ? ಹೆಂಗಸು ಹೊರಗೆ ಹೊರಟ್ರೆ ಕೈಲಿ ಬುಟ್ಟಿ ಇರ್ಬೇಕು, ಇಲ್ಲ ಬಿಂದಿಗೆ ಇರ್ಬೇಕು. ನೋಡಿದವ್ರು ಏನಂತಾರೆ?"

ಮಾರನೆಯ ದಿನದಿಂದ ಮಸ್ತೂರಾ ಖಾಲಿ ಬುಟ್ಟಿ ಹಿಡಿದು ನಡೆಯತೊಡಗಿದಳು. ಬುಟ್ಟಿಯಿಂದ ಒಂದು ಅನುಮಾನ ಹೋಯಿತು, ಇನ್ನೊಂದು ಉಳಿಯಿತು. ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಹರಟೆಕೂಟದಲ್ಲಿ ಅವಳು ಹಲ್ವ ಮುಟ್ಟಲಿಲ್ಲ. ಒಂದು ಸಲ ಹೊಟ್ಟೆ ಸರಿಯಿಲ್ಲ ಎಂದಳು, ಇನ್ನೊಂದು ಸಲ ಹಲ್ಲು ನೋವು ಎಂದಳು. ಒಬ್ಬಳಿಗೆ ಎಷ್ಟು ದಿನ ಹಲ್ಲು ನೋಯುತ್ತದೆ? ನಮ್ಮಲ್ಲಿ ಬೇರೆ ಏನನ್ನು ಬೇಡ ಎಂದರೂ ಕ್ಷಮೆಯುಂಟು. ದಸ್ತರ್‌ಖಾನ್ ಎಂಬ ಊಟದ ಬಟ್ಟೆ ಹಾಸಿ ಬಡಿಸಿದ್ದನ್ನು ಬೇಡ ಎಂದವಳಿಗೆ ಒಂದೋ ಸೊಕ್ಕು, ಇಲ್ಲವೇ ರೋಗ. ಮಸ್ತೂರಾಳಿಗೆ ಸೊಕ್ಕು ಮಾಡುವ ಯೋಗ್ಯತೆಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ರೋಗವೇ ಎಂದು ತೀರ್ಮಾನವಾಯಿತು. ಸೊಂಟ ಬೇರೆ ಸಣ್ಣಗಾಗಿತ್ತು.

ಆ ವಸಂತದಲ್ಲೇ ನಫೀಸಾಳನ್ನು ಕೇಳಿಕೊಂಡು ಖುರ್ಷಿದಾ ಬಂದಳು. ಬಜಾರಿನಲ್ಲಿ ಬಟ್ಟೆ ಅಂಗಡಿಯಿಟ್ಟವರ ಮನೆ. ಮಗ ಇಕ್ರಾಮ್ ಹಲ್ಲು ಕಟ್ಟುವ ಕೆಲಸ ಕಲಿತವನು. ನಫೀಸಾಳಿಗೆ ಅವನ ಮೇಲೆ ಮನಸ್ಸಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ಮನೆಯವರು ಬರುತ್ತಾರೆಂದು ತಿಳಿದ ದಿನ ಅಂಗಳವನ್ನು ಎರಡು ಸಲ ಗುಡಿಸಿದಳು. ತಾಯಿಗೆ ಅಷ್ಟು ಸಾಕಾಯಿತು.

ದಸ್ತರ್‌ಖಾನಿನ ತುಂಬ ಒಣದ್ರಾಕ್ಷಿ, ಬಾದಾಮಿ, ಹಲ್ವ, ಕಲ್ಲುಸಕ್ಕರೆ, ಜೋಡಿ ಜೋಡಿ ರೊಟ್ಟಿ. ಖುರ್ಷಿದಾ ದಪ್ಪಗೆ, ಕೆಂಪಗೆ, ಮಾತಿನಲ್ಲಿ ಬೆಣ್ಣೆ. ಮಳೆ, ಹತ್ತಿ, ಬಜಾರು ಎಲ್ಲ ಮಾತಾಡಿ ಮುಗಿಸಿ ಮೆಲ್ಲಗೆ ಅಲ್ಲಿಗೆ ಬಂದಳು.

"ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕ. ನಾಳೆ ಮೊಮ್ಮಕ್ಕಳ ಪ್ರಶ್ನೆ ನೋಡಿ. ನಿಮ್ಮ ತಾಯೋರ ಕಾಲು ತೆಗೆದಿದ್ರಂತೆ?"

"ಬಿದ್ದು ಗಾಯ ಆಗಿತ್ತು," ಎಂದಳು ಮಸ್ತೂರಾ. ಮಾತು ಬಾಯಿಂದ ಬಂದ ಮೇಲೆಯೇ ತಾನು ಸುಳ್ಳು ಹೇಳಿದೆನೆಂದು ಅವಳಿಗೆ ಗೊತ್ತಾದದ್ದು.

"ನಾನೂ ಹಂಗೇ ಅಂದ್ಕೊಂಡೆ. ಜನ ಏನೇನೋ ಅಂತಾರೆ. ನಿಮ್ಗೂ ಸಕ್ಕರೆ ಇದೆ, ಅದಕ್ಕೇ ಇಳಿದುಹೋಗಿದೀರಿ ಅಂತ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಸ್ತೂರಾಳ ಕೈ ಸೊಂಟಕ್ಕೆ ಹೋಯಿತು. "ನನಗಾ? ಯಾರಂದಿದ್ದು? ಕೆಲಸ ಜಾಸ್ತಿ, ಅದಕ್ಕೇ ಸ್ವಲ್ಪ ಇಳಿದಿದೀನಿ."

"ಅಲ್ವಾ ಮತ್ತೆ," ಎಂದು ಖುರ್ಷಿದಾ ನಕ್ಕು, ಹಲ್ವದ ದೊಡ್ಡದೊಂದು ತುಂಡನ್ನು ಬೆರಳಲ್ಲಿ ಹಿಡಿದು ಮಸ್ತೂರಾಳ ಬಾಯಿಯ ಹತ್ತಿರ ತಂದಳು. "ಹಂಗಾದ್ರೆ ನನ್ನ ಕೈಯಿಂದ ಬಾಯಿ ಸಿಹಿ ಮಾಡ್ಕೊಳಿ."

ನಮ್ಮಲ್ಲಿ ಪ್ರೀತಿಯಿದ್ದವರಿಗೆ, ಗೌರವಕ್ಕೆ ಪಾತ್ರರಾದವರಿಗೆ ತುತ್ತನ್ನು ಕೈಯಾರೆ ಬಾಯಿಗಿಡುತ್ತಾರೆ. ಆ ತುತ್ತಿಗೆ ಬಾಯಿ ತೆರೆಯದಿದ್ದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಬಾಗಿಲ ಸಂದಿಯಲ್ಲಿ ನಫೀಸಾಳ ಲಂಗದ ಅಂಚು ಕಾಣುತ್ತಿತ್ತು. ಮಸ್ತೂರಾ ಬಾಯಿ ತೆರೆದಳು. ಒಂದಲ್ಲ, ಮೂರು ತುತ್ತು ತಿಂದಳು. ಕಲ್ಲುಸಕ್ಕರೆ ಹಾಕಿದ ಚಹಾ ಕುಡಿದಳು. ಆಮೇಲೆ ಎರಡೂ ಕಡೆಯ ಹಿರಿಯರು ರೊಟ್ಟಿ ಮುರಿದು ಸಂಬಂಧ ಗಟ್ಟಿ ಮಾಡಿದರು. ಮುರಿದ ರೊಟ್ಟಿಯನ್ನೂ ತಿನ್ನಬೇಕಾಯಿತು.

ಒಂದು ದಿನದ ಸುಳ್ಳಾಗಿದ್ದರೆ ಹೇಗೋ ದಕ್ಕಿಸಿಕೊಳ್ಳಬಹುದಿತ್ತು. ಬೀಗತನದ ಸುಳ್ಳು ಹಾಗಲ್ಲ, ಅದನ್ನು ಸಾಕಬೇಕು. ನಿಶ್ಚಯವಾದ ಮೇಲೆ ಹಬ್ಬಕ್ಕೊಂದು ಬುಟ್ಟಿ, ಹಣ್ಣಿನ ಕಾಲಕ್ಕೊಂದು ಬುಟ್ಟಿ. ಖುರ್ಷಿದಾಳ ಮನೆಯಿಂದ ಹೊತ್ತು ತಂದ ಹೆಂಗಸರು ಕದಲದೆ ಕೂರುತ್ತಿದ್ದರು. ಮಸ್ತೂರಾ ಅವರೆದುರು ಸಂಸಾ, ಹಲ್ವ, ಹಾಲಿನ ಮಿಠಾಯಿ ಎಲ್ಲದರ ರುಚಿ ನೋಡಿ ಹೊಗಳಬೇಕು. ಅವರು ಹೋಗಿ ಹೇಳಬೇಕಲ್ಲ. ಖಾಲಿ ಬುಟ್ಟಿ ಹಿಂದಕ್ಕೆ ಕಳಿಸುವ ಹಾಗಿಲ್ಲವಾದ್ದರಿಂದ ಅವಳೂ ಮಾಡಿ ಕಳಿಸಬೇಕು. ಹಾಲಿಮಾ ಮೊದಲೇ ಹೇಳಿಬಿಟ್ಟಳು:

"ಆ ನಡೆಯೋ ಹುಚ್ಚು ಬಿಡು ಇನ್ನು. ಬೀಗರ ಕಡೆಯವ್ರು ನೋಡಿದ್ರೆ ಡಾಕ್ಟರ್ ಹೇಳಿರ್ಬೇಕು ಅಂತಾರೆ."

"ಕೂತ್ರೆ ಕಾಲು ಊದುತ್ತೆ ಅತ್ತಿಗೆ."

"ಊದ್ಲಿ. ಮಗಳು ಆ ಮನೆ ಸೇರಿದ್ಮೇಲೆ ಇಳಿಸ್ಕೊ. ಯಾರು ಬೇಡ ಅಂದ್ರು?"

ಮದುವೆ ಆಯಿತು. ಸಾಬಿರ್ ಡಾಕ್ಟರ ಹತ್ತಿರ ಹೋಗಲು ಅವಳಿಗೆ ನಾಚಿಕೆಯಾಗಿ ಬಹಳ ದಿನ ಹೋಗಲೇ ಇಲ್ಲ. ಹೋದಾಗ ಅವರು ಬೈಯಲಿಲ್ಲ. "ಒಂದು ಕಾಲು ಒಳಗಿಟ್ಟಿದೆ," ಎಂದಷ್ಟೇ ಹೇಳಿ, ಹೆಸರು ಕರೆದು ಮುಂದಿನ ರೋಗಿಯನ್ನು ಒಳಗೆ ಬಿಟ್ಟುಕೊಂಡರು.

ಮದುವೆಯ ನಂತರ ಮೊದಲ ಸಲ ತವರಿಗೆ ಬಂದ ನಫೀಸಾ ತಾಯಿಯ ಜೊತೆ ಎಳೆ ಕಟ್ಟುತ್ತ ಕೂತು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅಮ್ಮ, ಒಂದ್ ವಿಷಯ. ನಮ್ಮತ್ತೆ ಊಟಕ್ಕೆ ಮುಂಚೆ ಕೋಣೆ ಬಾಗಿಲು ಹಾಕ್ಕೋತಾರೆ. ನಾನು ನಮಾಜಿಗೆ ಅಂದ್ಕೊಂಡಿದ್ದೆ. ಹೊಟ್ಟೆಗೆ ಸೂಜಿ ಚುಚ್ಕೋತಾರೆ."

"ಏನ್ ಸೂಜಿ?"

"ಇನ್ಸುಲಿನ್. ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿ ಹಿಂದೆ ಇಟ್ಟಿದಾರೆ. ವರ್ಷಗಳಿಂದ ಇದೆಯಂತೆ. ನಿನ್ನ ಅಳಿಯಂಗೂ ಗೊತ್ತಿಲ್ಲ. ನಾದಿನಿ ಮದುವೆ ಆಗೋವರ್ಗೂ ಯಾರಿಗೂ ಗೊತ್ತಾಗಬಾರದು ಅಂತ ನನ್ನ ಕೈ ಹಿಡ್ಕೊಂಡು ಅತ್ರು."

ಮಸ್ತೂರಾ ಮೊದಲು ನಕ್ಕಳು. ಆಮೇಲೆ ಕೈಯಲ್ಲಿದ್ದ ಗೊಂಚಲನ್ನು ಗೋಡೆಗೆಸೆದಳು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕಿದ ಹೆಂಗಸು! ಆ ಹಲ್ವದ ತುಂಡನ್ನು ಮಸ್ತೂರಾಳ ಬಾಯಿಗಿಟ್ಟು, ಅಷ್ಟೇ ದೊಡ್ಡದನ್ನು ತಾನೂ ಬಾಯಿಗೆ ಹಾಕಿಕೊಂಡು ನಕ್ಕಿದ್ದಳಲ್ಲ.

"ನಿನಗೆ ಗೊತ್ತು ಅಂತ ತೋರಿಸ್ಬೇಡ ಅಮ್ಮ," ಎಂದಳು ನಫೀಸಾ. "ನಾನೇ ಹೇಳಿದ್ದು ಅಂತ ತಿಳಿದ್ರೆ ಆ ಮನೇಲಿ ನನ್ನ ಬಾಳು ಮುಗೀತು."

ಅಲ್ಲಿಂದ ಮುಂದೆ ಈ ಇಬ್ಬರು ಬೀಗಿತ್ತಿಯರು ಯಾರ ಮನೆಯ ಮದುವೆಯಲ್ಲಿ ಕೂಡಿದರೂ ಅಕ್ಕಪಕ್ಕ ಕೂರುವರು. "ಇನ್ನೊಂದು ಚೂರು ಅಕ್ಕ", "ಅಯ್ಯೋ ನೀವು ಮೊದ್ಲು ತಗೊಳಿ" ಎನ್ನುತ್ತ ಒಬ್ಬರ ಬಾಯಿಗೊಬ್ಬರು ತುಂಬುವರು. ನೋಡಿದವರು, ಬೀಗಿತ್ತಿಯರು ಅಂದ್ರೆ ಹೀಗಿರಬೇಕು ಎಂದು ಕಣ್ಣು ತುಂಬಿಕೊಳ್ಳುವರು. ಒಬ್ಬಳಿಗೆ ಗೊತ್ತು, ಇನ್ನೊಬ್ಬಳಿಗೆ ಗುಮಾನಿ. ಇಬ್ಬರೂ ವಿಷ ಉಣಿಸುತ್ತಿದ್ದರು, ಇಬ್ಬರೂ ಉಣ್ಣುತ್ತಿದ್ದರು.

ನಫೀಸಾ ಬಸುರಾದಳು. ಆರನೆಯ ತಿಂಗಳಿನಲ್ಲಿ ಹೆರಿಗೆ ಡಾಕ್ಟರ ಹತ್ತಿರ ಹೋಗುವಾಗ ಹಟ ಮಾಡಿ ತಾಯಿಯನ್ನೂ ಕರೆಸಿಕೊಂಡಳು. ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ತಾಯಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಅಳೆದು ನೋಡಿ ಹುಬ್ಬು ಗಂಟಿಕ್ಕಿದಳು.

"ಮಗು ತಿಂಗಳಿಗಿಂತ ದಪ್ಪ ಇದೆ. ನಿಮ್ಮ ಎರಡೂ ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ? ಇದ್ರೆ ನಾಳೆ ಬೆಳಗ್ಗೇನೇ ಖಾಲಿ ಹೊಟ್ಟೇಲಿ ಪರೀಕ್ಷೆ ಮಾಡ್ಬೇಕು. ಇಲ್ಲ ಅಂದ್ರೆ ಇನ್ನೊಂದು ತಿಂಗಳು ನೋಡೋಣ."

"ನಮ್ಮ ಏಳು ತಲೆಮಾರಿನಲ್ಲೂ ಇಲ್ಲಮ್ಮ," ಎಂದಳು ಖುರ್ಷಿದಾ.

"ನೀವು?" ಎಂದು ಡಾಕ್ಟರು ನಫೀಸಾಳ ಮುಖ ನೋಡಿದಳು. "ನಿಮ್ಮ ತಾಯಿ ಕಡೆ?"

ನಫೀಸಾಳಿಗೆ ಎರಡೂ ಕಡೆಯದು ಗೊತ್ತು. ಅವಳು ತನ್ನ ಪಾದ ನೋಡುತ್ತ, "ಯಾರಿಗೂ ಇಲ್ಲ," ಎಂದಳು. ಎಷ್ಟು ಸಲೀಸಾಗಿ ಎಂದಳು! ಆ ಪಾದ ಊದಿ ಚಪ್ಪಲಿಯ ಪಟ್ಟಿಯ ಆಚೀಚೆ ಉಬ್ಬಿತ್ತು. ಮಸ್ತೂರಾ ಅದನ್ನು ನೋಡಿದಳು. ತಾನು ಬಾಯಿ ತೆರೆದು ನುಂಗಿದ ಸುಳ್ಳು ಈಗ ಮಗಳ ಬಾಯಿಂದ ಬರುತ್ತಿದೆ, ಹುಟ್ಟದ ಮಗುವಿನ ಮೇಲೆ ಹೋಗುತ್ತಿದೆ.

"ಇದೆ," ಎಂದಳು ಮಸ್ತೂರಾ. "ನನಗೆ ಹೊಸ್ತಿಲವರೆಗೆ ಬಂದಿದೆ. ನನ್ನ ತಾಯಿ ಅದ್ರಲ್ಲೇ ಸತ್ಲು. ಕಾಲು ತೆಗೆದಿದ್ದು ಗಾಯಕ್ಕಲ್ಲ. ನಾಳೇನೇ ಪರೀಕ್ಷೆ ಮಾಡಿ."

ಡಾಕ್ಟರು ತಲೆಯಾಡಿಸಿ ನರ್ಸನ್ನು ಕರೆದಳು. ಹೊರಗೆ ಪಡಸಾಲೆಗೆ ಬಂದ ಕೂಡಲೇ ಖುರ್ಷಿದಾ ಮಸ್ತೂರಾಳ ಕಡೆ ತಿರುಗಿದಳು.

"ಹಂಗಾದ್ರೆ ಮೋಸ ಮಾಡಿ ಹೆಣ್ಣು ಕೊಟ್ರಿ ನಮಗೆ."

ಮಸ್ತೂರಾಳ ನಾಲಿಗೆಯ ತುದಿಗೆ ಬೆಣ್ಣೆ ಡಬ್ಬಿ ಬಂತು, ಸೂಜಿ ಬಂತು. ಪಡಸಾಲೆಯ ಬೆಂಚಿನಲ್ಲಿ ಕೂತ ಹೆಂಗಸರೆಲ್ಲ ಕೇಳುವ ಹಾಗೆ ಒಂದೇ ಒಂದು ಮಾತು ಅಂದಿದ್ದರೆ ಆ ಕೆಂಪು ಮುಖ ಬಿಳಿಚಿಹೋಗುತ್ತಿತ್ತು. ನಫೀಸಾ ಅತ್ತೆಯ ಹಿಂದೆ ನಿಂತು ತಾಯಿಯನ್ನು ದಿಟ್ಟಿಸುತ್ತಿದ್ದಳು. ಆ ಮಗಳು ಸಂಜೆ ಹೋಗಬೇಕಾದದ್ದು ಆ ಮನೆಗೇ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗಿದಳು.

"ಹೌದು," ಎಂದಳು. "ತಪ್ಪು ನಂದೇ."

ನಫೀಸಾಳಿಗೆ ಸಕ್ಕರೆ ಏರಿದ್ದು ನಿಜವಾಗಿತ್ತು. ಸಮಯಕ್ಕೆ ಸಿಕ್ಕಿತು ಎಂದು ಡಾಕ್ಟರು ಹೇಳಿದಳು. ಅಕ್ಕಿ, ರೊಟ್ಟಿ ಕಮ್ಮಿ ಮಾಡಿಸಿ ದಿನಾ ನಡೆಸಿದರು. ಈಗ ನಡೆಯುವುದಕ್ಕೆ ಬುಟ್ಟಿ ಬೇಕಾಗಿರಲಿಲ್ಲ. ಮೊಮ್ಮಗನಿಗಾಗಿ ಎಂದರೆ ಮೊಹಲ್ಲಾ ಕಣ್ಣಿಗೊತ್ತಿಕೊಳ್ಳುತ್ತದೆ. ಖುರ್ಷಿದಾ ಸೊಸೆಗೆ ಜೊತೆಯಾಗಿ ತಾನೂ ಹೆಸರುಕಾಳಿನ ಗಂಜಿ ಉಂಡಳು, ತಾನೂ ನಡೆದಳು. "ಎಂಥ ಅತ್ತೆ! ಸೊಸೆಗೋಸ್ಕರ ಹಲ್ವ ಬಿಟ್ಟಿದಾಳೆ" ಎಂದು ಜನ ಕೊಂಡಾಡಿದರು. ಮಗು ಗಟ್ಟಿಮುಟ್ಟಾಗಿ ಹುಟ್ಟಿತು, ಗಂಡು.

ತೊಟ್ಟಿಲು ಹುಡುಗಿಯ ತವರಿನಿಂದ ಹೋಗಬೇಕು. ಮಸ್ತೂರಾ ವಿಲೋ ಮರದ ತೊಟ್ಟಿಲು ಮಾಡಿಸಿ, ತನ್ನ ಕೈಯಲ್ಲೇ ಕಟ್ಟಿದ ಎಳೆಯಿಂದ ನೇಯಿಸಿದ ರೇಷ್ಮೆಯನ್ನು ಅದಕ್ಕೆ ಹೊದಿಸಿದಳು. ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಹಾಲಿಮಾ ಬಂದು ಕೂತು ಒಂದು ಲೋಟ ಚಹಾ ಕುಡಿದಳು.

"ತೊಟ್ಟಿಲು ಕಳಿಸ್ಲಿ, ಅವಳು ಬರೋದು ಬೇಡ ಅಂದಿದಾರೆ ನಿನ್ನ ಬೀಗಿತ್ತಿ. ಬಂದೋರೆಲ್ಲ ನಿನ್ನ ಸಕ್ಕರೆ ಮಾತೇ ಆಡ್ತಾರಂತೆ. ಅವರ ಮಗಳ ಸಂಬಂಧ ಬೇರೆ ನಡೀತಿದೆ."

"ನಫೀಸಾ ಏನಂದ್ಲು?"

"ಅವಳೇನ್ ಅಂತಾಳೆ? ತಲೆ ತಗ್ಗಿಸ್ಕೊಂಡು ಕೂತಿದ್ಲು." ಹಾಲಿಮಾ ಲೋಟ ಕೆಳಗಿಟ್ಟಳು. "ಆವತ್ತು ಬಾಯಿ ಮುಚ್ಕೊಂಡು ಇದ್ದಿದ್ರೆ ಇವತ್ತು ನೀನೇ ಮೊಮ್ಮಗನ್ನ ತೊಟ್ಟಿಲಿಗೆ ಹಾಕ್ತಿದ್ದೆ."

"ಬಾಯಿ ಮುಚ್ಕೊಂಡಿದ್ರೆ ಮೊಮ್ಮಗ ಇರ್ತಿದ್ನೋ ಇಲ್ವೋ ಅತ್ತಿಗೆ."

ಮಾರನೆಯ ದಿನ ಎರ್ಗಾಶ್ ತನ್ನ ವ್ಯಾನಿನ ಮೇಲೆ ತೊಟ್ಟಿಲು ಬಿಗಿದ. ಏನೋ ಹೇಳಲೆಂದು ಹೆಂಡತಿಯ ಹತ್ತಿರ ಬಂದು, ಅವಳ ಹೆಗಲ ಮೇಲೆ ಬಿದ್ದಿದ್ದ ನೂಲಿನ ತುಂಡು ತೆಗೆದುಹಾಕಿ ಹೋದ. ಹಾಲಿಮಾ ಮುಂದಿನ ಸೀಟಿನಲ್ಲಿ ಕೂತಳು. ವ್ಯಾನು ತಿರುವು ದಾಟುವವರೆಗೆ ಮಸ್ತೂರಾ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಬಿದ್ದುಕೊಂಡು ಅತ್ತಳು. ಆ ಖುರ್ಷಿದಾಳ ಬಾಯಿಗೆ ಹುಳ ಬೀಳಲಿ ಎಂದು ಶಪಿಸಿದಳು. ಶಾಪ ತಗುಲಿದರೆ ಮಗಳಿರುವ ಮನೆಗೇ ತಗುಲುತ್ತದೆಂದು ಹೊಳೆದು, ಎದ್ದು ಕೂತು ಅದನ್ನೂ ವಾಪಸು ತೆಗೆದುಕೊಂಡಳು.

ಆಮೇಲೆ ಬೀಗರ ಬುಟ್ಟಿ ನಿಂತಿತು. ಹರಟೆಕೂಟದವರು ಅವಳ ಸರದಿಯನ್ನು ಸುಮ್ಮನೆ ದಾಟಿಸಿದರು. ಮದುವೆಗಳಿಗೆ ಎರ್ಗಾಶನಿಗೊಬ್ಬನಿಗೇ ಕರೆ ಬರತೊಡಗಿತು. ನಫೀಸಾ ಯಾವಾಗಲೋ ಒಮ್ಮೆ, ಬಜಾರಿಗೆಂದು ಹೊರಟವಳು, ಮಗುವನ್ನೆತ್ತಿಕೊಂಡು ಗಾಳಿಯ ಹಾಗೆ ಬಂದು ಹೋಗುವಳು. ಕೂರು ಎಂದರೆ ಕೂರಳು. ಮಸ್ತೂರಾ ಮತ್ತೆ ಕಾಲು ರೊಟ್ಟಿಗೆ, ಕಾಲುವೆ ದಂಡೆಯ ನಡಿಗೆಗೆ ಮರಳಿದಳು.

ವರ್ಷ ತುಂಬಿದ ಮೇಲೆ ಮಸ್ತೂರಾ ಪಾಲಿಕ್ಲಿನಿಕ್ಕಿಗೆ ಹೋದಳು. ಸಾಬಿರ್ ಡಾಕ್ಟರು ಕನ್ನಡಕ ಏರಿಸಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು.

"ಪೂರ್ತಿ ಹೋಗಿದೆಯಲ್ಲಮ್ಮ. ಹೊಸ್ತಿಲಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ನನ್ನ ರೋಗಿಗಳಲ್ಲಿ ಒಬ್ರೂ ಇಷ್ಟು ಚೆನ್ನಾಗಿ ಮಾಡಿಲ್ಲ. ಏನ್ ಮಾಡಿದ್ರಿ? ಒಂದ್ಸಲ ಬಂದು ಇವರಿಗೆಲ್ಲ ಹೇಳಿ."

"ಹೇಳೋಕೇನಿದೆ ಡಾಕ್ಟ್ರೇ," ಎಂದಳು ಮಸ್ತೂರಾ. "ಯಾರೂ ಊಟಕ್ಕೆ ಕರೀಬಾರ್ದು, ಅಷ್ಟೇ."

ಡಾಕ್ಟರು ಅದನ್ನು ತಮಾಷೆ ಎಂದುಕೊಂಡು ಮನಸಾರೆ ನಕ್ಕರು. ಅವರು ನಗುವುದು ಮುಗಿಯುವವರೆಗೆ ಕಾದು, ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟಳು.